ಹೆಸರಘಟ್ಟದ ಕೆರೆ

ಬೆಂಗಳೂರಿನ ವಾಯವ್ಯ ಭಾಗದಲ್ಲಿ, ಜಾಲಹಳ್ಳಿಯ ನೆರೆಯಲ್ಲಿ ಶೆಟ್ಟಿಹಳ್ಳಿ ಎಂಬ ಊರಿದೆ. ಹಿಂದೆ ಹೊಲ ತೋಟಗಳ ನಡುವೆ ಇದ್ದ ಈ ಹಳ್ಳಿ ಇಂದು ಮಹಾನಗರದ ಒಂದು ಬಡಾವಣೆಯಾಗಿದೆ. 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಕಾರ್ಖಾನೆಗಳು ಜಾಲಹಳ್ಳಿಯ ಸುತ್ತಿನಲ್ಲಿ ಸ್ಥಾಪನೆಗೊಂಡವು. ಅಲ್ಲಿಂದಾಚೆಗೆ ಈ ಕಡೆಯ ಊರುಗಳ ಚಹರೆ ವರ್ಷದಿಂದ ವರ್ಷಕ್ಕೆ ಬದಲಾಯಿತು. ಆದರೆ ಊರುಗಳ ಹೆಸರುಗಳು ಮಾತ್ರ ಹಳೆಯ ಕಥೆಯನ್ನು ಮರೆತಿಲ್ಲ. ಶೆಟ್ಟಿಹಳ್ಳಿಗೆ ಸಮೀಪದ ಊರು ಅಬ್ಬಿಗೆರೆ. ಆ ಹೆಸರಿನೊಳಗೇ ಕೆರೆ ಇದೆ. ಇನ್ನೊಂದು ಊರು ಮಲ್ಲಸಂದ್ರ, ಮತ್ತೊಂದು ದೊಡ್ಡಬೊಮ್ಮಸಂದ್ರ. ‘ಸಂದ್ರ’ ಎಂಬುದು ‘ಸಮುದ್ರ’ ಎಂಬ ಮಾತಿನ ಸವೆದ ರೂಪವೆಂದು ವಿದ್ವಾಂಸರು ಹೇಳುತ್ತಾರೆ. ಕಡಲಿನಿಂದ ಮುನ್ನೂರು ಕಿಲೋಮೀಟರಿನಷ್ಟು ದೂರದಲ್ಲಿರುವ ಈ ಬಯಲಿನಲ್ಲಿ ಸಮುದ್ರವೆಲ್ಲಿಂದ ಬಂದಿತು? ಹಿರಿದಾದ ಕೆರೆಯನ್ನು ಹಿಂದಿನವರು ಸಮುದ್ರವೆಂದೇ ಕರೆಯುತ್ತಿದ್ದರು. ನದಿಯಿಲ್ಲದ ನಾಡಿನ ಜನರಿಗೆ ಕೆರೆಯೇ ಕಡಲಾಗಿತ್ತು.

ಈ ನಾಡಿನಲ್ಲಿ ಕೆರೆಗಳು ಏಕೆ ಇಷ್ಟು ದಟ್ಟವಾಗಿವೆ ಎಂಬುದನ್ನು ತಿಳಿಯಬೇಕಾದರೆ ಮೊದಲು ನೆಲದ ರೂಪವನ್ನು ತಿಳಿಯಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಒಂದು ದಿಣ್ಣೆಯ ಬೆನ್ನಿನ ಮೇಲೆ ಕುಳಿತಿರುವ ಊರು. ಈ ಬೆನ್ನಿನ ಪೂರ್ವಕ್ಕೆ ಬಿದ್ದ ಮಳೆನೀರು ಹೆಬ್ಬಾಳ ಮತ್ತು ಕೋರಮಂಗಲ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ; ಪಶ್ಚಿಮಕ್ಕೆ ಬಿದ್ದ ನೀರು ಅರ್ಕಾವತಿಯ ಕಡೆಗೆ ಹರಿಯುತ್ತದೆ. ಎತ್ತರದ ನೆಲದಲ್ಲಿ ನೀರು ನಿಲ್ಲುವುದಿಲ್ಲ. ವರ್ಷಕ್ಕೆ 90ರಿಂದ 100 ಸೆಂಟಿಮೀಟರಿನಷ್ಟು ಮಳೆ ಬೀಳುವುದಾದರೂ ಅದರ ಬಹುಪಾಲು ಕೆಲವೇ ತಿಂಗಳುಗಳಲ್ಲಿ, ಅದರಲ್ಲಿಯೂ ಕೆಲವೇ ದಿನಗಳ ಬಿರುಮಳೆಯಾಗಿ ಸುರಿದುಹೋಗುತ್ತದೆ. ಆಗ ತಡೆದು ಇಟ್ಟುಕೊಂಡವನಿಗೆ ಬೇಸಗೆಯಲ್ಲಿ ನೀರುಂಟು, ಹರಿಯಗೊಟ್ಟವನಿಗೆ ಇಲ್ಲ.

ಮಳೆನೀರಿನ ಬೆಲೆಯನ್ನು ಒಂದು ಸಣ್ಣ ಲೆಕ್ಕದಿಂದ ಅರಿಯಬಹುದು. ಒಂದು ಹೆಕ್ಟೇರು, ಎಂದರೆ ಸುಮಾರು ಎರಡೂವರೆ ಎಕರೆ ನೆಲದ ಮೇಲೆ ಒಂದು ಸೆಂಟಿಮೀಟರು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರು ನೀರಾಗುತ್ತದೆ. 90 ಸೆಂಟಿಮೀಟರು ಮಳೆಗೆ ಅದೇ ನೆಲದ ಮೇಲೆ 90 ಲಕ್ಷ ಲೀಟರು ನೀರು ಬೀಳುತ್ತದೆ. ಇದರಲ್ಲಿ ಸ್ವಲ್ಪ ಭಾಗ ಆವಿಯಾಗಿ ಹೋಗುತ್ತದೆ, ಸ್ವಲ್ಪ ಮಣ್ಣಿನೊಳಕ್ಕೆ ಇಂಗುತ್ತದೆ, ಸ್ವಲ್ಪವನ್ನು ಗಿಡಮರಗಳು ಹೀರುತ್ತವೆ. ಉಳಿದದ್ದು ತಗ್ಗನ್ನು ಅರಸಿ ಹರಿಯುತ್ತದೆ. ಹೀಗೆ ಹರಿಯುವ ನೀರಿನ ದಾರಿಗೆ ಅಡ್ಡಲಾಗಿ ಮಣ್ಣಿನ ಕಟ್ಟೆಯೊಂದನ್ನು ಹಾಕಿದರೆ ಅದೇ ಕೆರೆ.

ಆದರೆ ಕೆರೆಯೆಂದರೆ ಕೇವಲ ನೀರು ನಿಂತ ತಗ್ಗು ಎಂದು ತಿಳಿಯಬಾರದು. ಅದಕ್ಕೆ ಹಲವು ಅಂಗಗಳುಂಟು. ಒಂದೊಂದು ಅಂಗಕ್ಕೂ ಒಂದೊಂದು ಕೆಲಸವುಂಟು. ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಕಟ್ಟೆಗೆ ಏರಿ ಎಂದು ಹೆಸರು. ಅಲೆಗಳ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗದಂತೆ ಏರಿಯ ಒಳಮೈಗೆ ಕಲ್ಲಿನ ಹೊದಿಕೆ ಇರುತ್ತದೆ. ಏರಿಯ ಅಡಿಯಿಂದ ನೀರನ್ನು ಅಳತೆಯಿಂದ ಹೊರಬಿಡುವ ಬಾಯಿಗೆ ತೂಬು ಎನ್ನುತ್ತಾರೆ. ತೂಬಿನಿಂದ ಹೊರಟ ಕಾಲುವೆ ಯಾವ ಗದ್ದೆ ತೋಟಗಳಿಗೆ ನೀರುಣಿಸುತ್ತದೆಯೋ ಆ ಭೂಮಿಗೆ ಅಚ್ಚುಕಟ್ಟು ಎಂಬ ಹೆಸರಿದೆ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಏರಿಯನ್ನು ಮುರಿಯದೆ ಕ್ಷೇಮವಾಗಿ ಹೊರಹೋಗಲು ಏರಿಯ ಒಂದು ಕೊನೆಯಲ್ಲಿ ತಗ್ಗಾದ ಕಲ್ಲುಕಟ್ಟಣೆಯ ದಾರಿಯಿರುತ್ತದೆ. ಅದೇ ಕೋಡಿ. ಕೆರೆಗೆ ನೀರು ತರುವ ಹಳ್ಳಗಳೂ ರಾಜಕಾಲುವೆಗಳೂ ಅದರ ಕೈಗಳು. ಆ ಕಾಲುವೆಗಳಿಗೆ ನೀರು ಕೂಡಿಕೊಡುವ ಮೇಲಿನ ಹೊಲ, ಹುಲ್ಲುಗಾವಲು, ಗುಡ್ಡಗಳೆಲ್ಲ ಸೇರಿ ಕೆರೆಯ ಜಲಾನಯನ ಪ್ರದೇಶ. ಏರಿಯ ಮೇಲೆ ನಿಂತವನ ಕಣ್ಣಿಗೆ ನೀರಿನ ಹರವು ಮಾತ್ರ ಕಾಣುತ್ತದೆ. ಆದರೆ ಕೆರೆಯ ಜೀವವಿರುವುದು ಕಣ್ಣಿಗೆ ಕಾಣದಷ್ಟು ದೂರದವರೆಗೆ ಹಬ್ಬಿದ ಆ ನೆಲದಲ್ಲಿ.

ಈ ಅಂಗಗಳಲ್ಲಿ ಕೋಡಿಯ ಮಹತ್ವವನ್ನು ವಿಶೇಷವಾಗಿ ಗಮನಿಸಬೇಕು. ಮೇಲಿನ ಕೆರೆಯ ಕೋಡಿಯಿಂದ ಹೊರಬಿದ್ದ ನೀರು ವ್ಯರ್ಥವಾಗುವುದಿಲ್ಲ. ಅದು ರಾಜಕಾಲುವೆಯ ಮೂಲಕ ಹರಿದು ಕೆಳಗಿನ ಊರಿನ ಕೆರೆಯನ್ನು ಸೇರುತ್ತದೆ. ಅದು ತುಂಬಿದರೆ ಅದರ ಕೋಡಿಯ ನೀರು ಮತ್ತೂ ಕೆಳಗಿನ ಕೆರೆಗೆ ಹೋಗುತ್ತದೆ. ಹೀಗೆ ಒಂದು ಕಣಿವೆಯ ಉದ್ದಕ್ಕೂ ಕೆರೆಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದೂರಿನ ಹೆಚ್ಚಳವೇ ಇನ್ನೊಂದೂರಿನ ಜೀವನ. ಮೇಲಿನ ಊರಿನವರು ಕೋಡಿಯ ಮಟ್ಟವನ್ನು ಮನಬಂದಂತೆ ಏರಿಸಿದರೆ ಕೆಳಗಿನವರಿಗೆ ನೀರಿಲ್ಲ; ಮೇಲಿನ ಏರಿಯನ್ನು ಅಲಕ್ಷ್ಯದಿಂದ ಒಡೆಯಗೊಟ್ಟರೆ ಒಮ್ಮೆಲೇ ನುಗ್ಗಿದ ಪ್ರವಾಹಕ್ಕೆ ಕೆಳಗಿನ ಏರಿಗಳೂ ಒಂದರ ಹಿಂದೊಂದು ಒಡೆಯುತ್ತವೆ. ಆದುದರಿಂದ ಕೆರೆಯು ಒಂದೂರಿನ ಸ್ವತ್ತಾಗಿದ್ದರೂ ಅದರ ಹೊಣೆ ಹಲವು ಊರುಗಳದಾಗಿತ್ತು.

ಈ ಹೊಣೆಯನ್ನು ಹೊರುವ ವ್ಯವಸ್ಥೆಯೂ ಹಳ್ಳಿಗಳಲ್ಲಿ ಇದ್ದಿತು. ತೂಬನ್ನು ತೆರೆದು ಮುಚ್ಚುವ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಳ್ಳುವ ಕೆಲಸ ನೀರುಗಂಟಿಯದು. ಮಳೆ ಕಡಮೆಯಾದ ವರ್ಷ ಅವನ ಹಂಚಿಕೆಯ ಮೇಲೆ ಊರಿನ ಅನ್ನವೇ ನಿಂತಿರುತ್ತಿತ್ತು. ಬೇಸಗೆಯಲ್ಲಿ ಕೆರೆಯ ಅಂಗಳ ಒಣಗಿದಾಗ ರೈತರು ಹೂಳನ್ನು ಗಾಡಿಗಳಲ್ಲಿ ತುಂಬಿ ತಮ್ಮ ಹೊಲಗಳಿಗೆ ಹೊಡೆದುಕೊಳ್ಳುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಆಳವಾಯಿತು. ಕೆರೆಯನ್ನು ಕಟ್ಟಿಸಿದವರಿಗೂ ಅದನ್ನು ಕಾಪಾಡುವವರಿಗೂ ಭೂಮಿಯನ್ನು ಮಾನ್ಯವಾಗಿ ಕೊಟ್ಟ ಸಂಗತಿ ಕನ್ನಡ ನಾಡಿನ ಅನೇಕ ಶಾಸನಗಳಲ್ಲಿದೆ. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ ಮೊದಲಾದ ಮಾತುಗಳು ಇಂತಹ ದತ್ತಿಗಳನ್ನೇ ಸೂಚಿಸುತ್ತವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ ಎಂಬ ಅಧಿಕಾರಿ ಈ ಏರ್ಪಾಡನ್ನು ಕಂಡು ಬೆರಗಾದನು. ಸಂಸ್ಥಾನದ ನೆಲದಲ್ಲಿ ಶೇಕಡ 60ರಷ್ಟು ಒಂದಲ್ಲ ಒಂದು ಕೆರೆಗೆ ನೀರು ಕೊಡುವಂತೆ ಅಳವಟ್ಟಿದೆಯೆಂದೂ, ಹೊಸ ಕೆರೆಯೊಂದಕ್ಕೆ ತಕ್ಕ ಎಡೆಯನ್ನು ಹುಡುಕುವುದೇ ಕಷ್ಟವೆಂದೂ ಆತನು 1866ರಲ್ಲಿ ಬರೆದಿಟ್ಟನು. ಮುಂದೆ 1882ರಲ್ಲಿ ಬೆಂಗಳೂರಿನಲ್ಲಿ ನಿರ್ಮಾಣವಾದ ಕೆರೆಯೊಂದು ಆತನ ಹೆಸರನ್ನೇ ಹೊತ್ತುಕೊಂಡು ಸದಾಶಿವನಗರದ ಬಳಿ ಈಗಲೂ ಇದೆ.

ಈ ಪರಂಪರೆಯ ಹಿರಿಮೆಯೂ ಅದಕ್ಕೆ ಒದಗಿದ ಸಂಕಟವೂ ಒಟ್ಟಾಗಿ ಕಾಣಬರುವ ಸ್ಥಳ ಹೆಸರಘಟ್ಟ. ಶೆಟ್ಟಿಹಳ್ಳಿಯಿಂದ ವಾಯವ್ಯಕ್ಕೆ ಚಿಕ್ಕಬಾಣಾವರ, ಸೋಲದೇವನಹಳ್ಳಿಗಳನ್ನು ದಾಟಿ ಮುಂದೆ ಹೋದರೆ ಹೆಸರಘಟ್ಟದ ಕೆರೆ ಸಿಗುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೇಲೆ ಹರಿದು ಬರುವ ಅರ್ಕಾವತಿ ನದಿಗೆ ಇಲ್ಲಿ ಅಣೆಕಟ್ಟನ್ನು ಹಾಕಲಾಗಿದೆ. ಮುಂದೆ ಈ ನದಿ ರಾಮನಗರ, ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ.

ಅಲ್ಲಿಯವರೆಗೆ ಬೆಂಗಳೂರಿನ ಜನರು ಕುಡಿಯುವ ನೀರಿಗಾಗಿ ಧರ್ಮಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳನ್ನೂ ಬಾವಿಗಳನ್ನೂ ನಂಬಿದ್ದರು. 1891ರ ಜನಗಣತಿಯ ವೇಳೆಗೆ ನಗರ ಮತ್ತು ದಂಡು ಪ್ರದೇಶಗಳ ಜನಸಂಖ್ಯೆ ಸುಮಾರು 1 ಲಕ್ಷ 80 ಸಾವಿರವಾಗಿತ್ತು. ಅಷ್ಟು ಜನಕ್ಕೆ ಊರೊಳಗಣ ಕೆರೆಗಳ ನೀರು ಸಾಲದಾಯಿತು. ಇದ್ದ ನೀರೂ ನಿರ್ಮಲವಾಗಿ ಉಳಿಯಲಿಲ್ಲ. ಆಗ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ದೂರದಿಂದ ನೀರು ತರುವ ಯೋಜನೆಗೆ ಕೈಹಾಕಿದರು. 1894ರಲ್ಲಿ ಹೆಸರಘಟ್ಟದ ಜಲಾಶಯ ಸಿದ್ಧವಾಯಿತು. ಮಹಾರಾಜರ ಹೆಸರಿನಿಂದ ಚಾಮರಾಜೇಂದ್ರ ಜಲಕಾರ್ಯವೆಂದು ಕರೆಸಿಕೊಂಡ ಈ ಯೋಜನೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ತಾನಾಗಿ ಇಳಿದು ಸೋಲದೇವನಹಳ್ಳಿಯನ್ನು ಸೇರುತ್ತಿತ್ತು. ಅಲ್ಲಿಂದ ಯಂತ್ರಗಳು ಅದನ್ನು ಮೇಲಕ್ಕೆತ್ತಿ ನಗರಕ್ಕೆ ಕಳುಹಿಸುತ್ತಿದ್ದುವು. 1896ರಲ್ಲಿ ಬೆಂಗಳೂರಿಗೆ ಕೊಳಾಯಿಯ ನೀರು ಬಂದಿತು. ತಲೆಯ ಮೇಲೆ ಕೊಡ ಹೊತ್ತು ನಡೆಯುತ್ತಿದ್ದ ಊರಿಗೆ ಅದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ಹೆಸರಘಟ್ಟದ ಮೇಲ್ಭಾಗದ ಕಣಿವೆಯಲ್ಲಿ ನೂರಕ್ಕೂ ಹೆಚ್ಚು ಹಳೆಯ ಕೆರೆಗಳು ಹಬ್ಬಿದ್ದುವು. ಅವು ತುಂಬಿ ಕೋಡಿ ಹರಿದರೆ ಮಾತ್ರ ಹೆಸರಘಟ್ಟಕ್ಕೆ ಯಥೇಚ್ಛವಾಗಿ ನೀರು ಬರುತ್ತಿತ್ತು. ಎಂದರೆ ಮಹಾನಗರದ ಕೊಳಾಯಿಯ ತುದಿ ಮಲ್ಲೇಶ್ವರದಲ್ಲಿದ್ದರೂ ಅದರ ಬುಡ ಎಲ್ಲೋ ದೂರದ ಹಳ್ಳಿಯೊಂದರ ಕೆರೆಯ ಕೋಡಿಯಲ್ಲಿತ್ತು. ಮಳೆ ಚೆನ್ನಾಗಿ ಆದ ವರ್ಷಗಳಲ್ಲಿ ಈ ಸಂಬಂಧ ಯಾರಿಗೂ ನೆನಪಾಗಲಿಲ್ಲ. 1920ರ ದಶಕದಲ್ಲಿ ಮಳೆಗಳು ಕೈಕೊಟ್ಟಾಗ ಕೆರೆ ಬರಿದಾಯಿತು, ನಗರ ಬಾಯಾರಿತು. ಹೊಸ ಜಲಮೂಲವನ್ನು ಅರಸಬೇಕಾಗಿ ಬಂದಾಗ ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯು ಅರ್ಕಾವತಿ ಮತ್ತು ಕುಮುದ್ವತಿ ನದಿಗಳು ಕೂಡುವೆಡೆಯಲ್ಲಿ ಮತ್ತೊಂದು ಅಣೆಕಟ್ಟನ್ನು ಸೂಚಿಸಿತು. ಅದೇ 1933ರಲ್ಲಿ ಪೂರ್ಣಗೊಂಡ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ. ನಗರ ಇನ್ನೂ ಬೆಳೆಯಿತು, ಅದೂ ಸಾಲದಾಯಿತು. 1974ರಲ್ಲಿ ನೂರು ಕಿಲೋಮೀಟರಿನಷ್ಟು ದೂರದಿಂದ ಕಾವೇರಿಯನ್ನು ಎತ್ತಿ ತರಲಾಯಿತು. ಅನಂತರ ಒಂದರ ಮೇಲೊಂದು ಹಂತಗಳು ಸೇರಿ, 2024ರ ಅಕ್ಟೋಬರಿನಲ್ಲಿ ಐದನೆಯ ಹಂತದ ಕಾವೇರಿ ನೀರು ನಗರದ ಅಂಚಿನ 110 ಹಳ್ಳಿಗಳಿಗಾಗಿ ಹರಿಯತೊಡಗಿತು.

ಹೀಗೆ ಹೊಸ ಹೊಸ ನೀರು ದೂರ ದೂರದಿಂದ ಬರುತ್ತಿರುವಾಗ ಹತ್ತಿರದ ನೀರಿನ ಗತಿಯೇನಾಯಿತು? ಹೆಸರಘಟ್ಟದ ಕೆರೆ ಪದೇ ಪದೇ ಒಣಗಿ, ನಗರಕ್ಕೆ ನೀರುಣಿಸುವ ಕೆಲಸದಿಂದ ಹಿಂದೆ ಸರಿಯಿತು. ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ಬರುತ್ತಿದ್ದ ನೀರೂ 2012ರಲ್ಲಿ ನಿಂತಿತು. ಮಳೆಯೇ ಕಡಮೆಯಾಗಿರಬೇಕೆಂದು ಅನೇಕರು ಊಹಿಸಿದರು. ಆದರೆ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಇತರ ವಿಜ್ಞಾನಿಗಳೊಡನೆ ಅರ್ಕಾವತಿಯ ಕಣಿವೆಯನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಲೇಖನ ಬೇರೆಯೇ ಕಾರಣಗಳ ಕಡೆಗೆ ಬೊಟ್ಟುಮಾಡಿತು. ನದಿ ಬತ್ತಿದ್ದಕ್ಕೆ ಮಳೆಯ ಪ್ರಮಾಣವಾಗಲಿ ಬಿಸಿಲಿನ ಹೆಚ್ಚಳವಾಗಲಿ ಮುಖ್ಯ ಕಾರಣವಾಗಿ ಕಾಣಲಿಲ್ಲ. ಕೊಳವೆ ಬಾವಿಗಳಿಂದ ಮಿತಿಮೀರಿ ಅಂತರ್ಜಲವನ್ನು ಎತ್ತಿದ್ದು ಮತ್ತು ನೀಲಗಿರಿ ತೋಪುಗಳು ವಿಸ್ತಾರವಾಗಿ ಹಬ್ಬಿದ್ದು ಹೆಚ್ಚು ಸಂಭವನೀಯವಾದ ಕಾರಣಗಳೆಂದು ಅವರು ಕಂಡುಕೊಂಡರು.

ಈ ಮಾತು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಕೊಳವೆ ಬಾವಿಯಿರುವುದು ನೆಲದಾಳದಲ್ಲಿ, ಹಳ್ಳ ಹರಿಯುವುದು ನೆಲದ ಮೇಲೆ. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ? ಸಂಬಂಧವಿದೆ. ನೆಲದೊಳಗಣ ನೀರಿನ ಮಟ್ಟ ಮೇಲಿರುವಾಗ ಆ ನೀರು ತಗ್ಗಿನ ಎಡೆಗಳಲ್ಲಿ ಒರತೆಯಾಗಿ ಹೊರಬಂದು ಹಳ್ಳಗಳನ್ನು ಮಳೆ ನಿಂತ ಮೇಲೂ ಹರಿಸುತ್ತದೆ. ಮಟ್ಟ ನೂರಾರು ಅಡಿ ಕೆಳಕ್ಕೆ ಜಾರಿದಾಗ ಒರತೆಗಳು ಬತ್ತುತ್ತವೆ. ಹಸಿದ ನೆಲವು ಮೇಲೆ ಬಿದ್ದ ಮಳೆಯನ್ನು ತಾನೇ ಕುಡಿದುಬಿಡುತ್ತದೆ. ಆಳಕ್ಕೆ ಬೇರಿಳಿಸುವ ನೀಲಗಿರಿಯು ಮಣ್ಣಿನ ತೇವವನ್ನು ವರ್ಷವಿಡೀ ಹೀರುತ್ತದೆ. ಹಳ್ಳದಲ್ಲಿ ನೀರು ಹರಿಯದೆ ಮೇಲಿನ ಕೆರೆ ತುಂಬುವುದಿಲ್ಲ; ಮೇಲಿನ ಕೆರೆ ತುಂಬದೆ ಕೋಡಿ ಹರಿಯುವುದಿಲ್ಲ; ಕೋಡಿ ಹರಿಯದೆ ಹೆಸರಘಟ್ಟಕ್ಕೆ ನೀರಿಲ್ಲ. ಏರಿ ಗಟ್ಟಿಯಾಗಿದೆ, ತೂಬು ಸರಿಯಾಗಿದೆ, ಅಂಗಳವೂ ವಿಶಾಲವಾಗಿದೆ. ಆದರೂ ಕೆರೆ ಬರಿದಾಗಿದೆ. ಕೆರೆ ಕೆಡುವುದು ಏರಿ ಒಡೆದಾಗ ಮಾತ್ರವಲ್ಲ ಎಂಬ ಪಾಠವನ್ನು ಹೆಸರಘಟ್ಟ ಹೀಗೆ ಕಲಿಸಿತು. 2022ರಂತೆ ಮಳೆ ಅತಿಯಾಗಿ ಸುರಿದ ವರ್ಷದಲ್ಲಿ ಹೆಸರಘಟ್ಟದ ಅಂಗಳದಲ್ಲಿ ಮತ್ತೆ ಹೇರಳವಾಗಿ ನೀರು ನಿಂತು ಜನರು ಸಂಭ್ರಮಪಟ್ಟರು. ಆದರೆ ಅಪರೂಪದ ಮಳೆಯನ್ನೇ ನಂಬಿದ ಕೆರೆ ಊರಿಗೆ ಆಸರೆಯಾಗಲಾರದು.

ಹಳ್ಳಿಯ ಕೆರೆಗಳಿಗೆ ನೀರು ಬಾರದ ಕಷ್ಟವಾದರೆ, ನಗರದೊಳಗಣ ಕೆರೆಗಳಿಗೆ ಇನ್ನೊಂದು ಬಗೆಯ ಕಷ್ಟ. ಕೊಳಾಯಿ ಬಂದ ಮೇಲೆ ಕೆರೆ ಬೇಡವೆಂಬ ಭಾವನೆ ಬೆಳೆಯಿತು. ಧರ್ಮಾಂಬುಧಿಯ ಅಂಗಳ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳ ಕ್ರೀಡಾಂಗಣವಾಯಿತು. ಉಳಿದ ಕೆರೆಗಳಿಗೆ ನೀರು ತರುವ ರಾಜಕಾಲುವೆಗಳಲ್ಲಿ ಕೆಲವು ಒತ್ತುವರಿಯಾದುವು, ಕೆಲವು ಕೊಳಚೆಯ ಚರಂಡಿಗಳಾದುವು. ಕಾಲುವೆ ಮುಚ್ಚಿದರೂ ನೀರು ತನ್ನ ದಾರಿಯನ್ನು ಮರೆಯುವುದಿಲ್ಲ. 2022ರ ಸೆಪ್ಟೆಂಬರಿನ ಬಿರುಮಳೆಗೆ ನಗರದ ಪೂರ್ವಭಾಗದ ಬಡಾವಣೆಗಳು ಜಲಾವೃತವಾಗಿ, ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. ಅದಾಗಿ ಎರಡು ವರ್ಷ ತುಂಬುವ ಮೊದಲೇ, 2024ರ ಬೇಸಗೆಯಲ್ಲಿ, ಅದೇ ನಗರದ ಸಾವಿರಾರು ಕೊಳವೆ ಬಾವಿಗಳು ಬತ್ತಿ, ಒಂದು ಟ್ಯಾಂಕರು ನೀರಿಗಾಗಿ ಜನ ಕಾದು ನಿಂತರು. ನೆರೆ ಮತ್ತು ಬರ ಪರಸ್ಪರ ವಿರುದ್ಧವಾದ ವಿಪತ್ತುಗಳಂತೆ ತೋರುತ್ತವೆ. ವಿಚಾರಮಾಡಿ ನೋಡಿದರೆ ಎರಡಕ್ಕೂ ಒಂದು ಸಾಮಾನ್ಯವಾದ ಮೂಲವಿದೆ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಗೆಗೆ ಒಪ್ಪಿಸುವ ಕೊಂಡಿಗಳು ಸಡಿಲವಾದುದೇ ಆ ಮೂಲ.

ಇಂದು ಬೆಂಗಳೂರಿನ ಕೆರೆಗಳ ಅಚ್ಚುಕಟ್ಟಿನಲ್ಲಿ ಗದ್ದೆಗಳಿಲ್ಲ. ತೂಬೆತ್ತುವ ನೀರುಗಂಟಿಯೂ ಇಲ್ಲ. ಹಾಗಾದರೆ ಕೆರೆಯ ಕೆಲಸ ಮುಗಿಯಿತೆ? ಇಲ್ಲ, ಅದರ ಕೆಲಸದ ರೀತಿ ಮಾತ್ರ ಬದಲಾಗಿದೆ. ಬಿರುಮಳೆಯ ನೀರನ್ನು ಅಂಗಳದಲ್ಲಿ ಹರಡಿಕೊಂಡು ನೆರೆಯ ರಭಸವನ್ನು ತಗ್ಗಿಸುವುದು, ನಿಧಾನವಾಗಿ ಇಂಗಿಸಿ ಸುತ್ತಿನ ಅಂತರ್ಜಲವನ್ನು ಪೋಷಿಸುವುದು, ಹಕ್ಕಿ ಮೀನುಗಳಿಗೆ ನೆಲೆಯಾಗುವುದು, ಇವೆಲ್ಲ ಕೆರೆ ಇಂದಿಗೂ ಮಾಡಬಲ್ಲ ಕೆಲಸಗಳು. ಯಲಹಂಕದ ಸಮೀಪದ ಜಕ್ಕೂರು ಕೆರೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. ದಿನಕ್ಕೆ ಒಂದು ಕೋಟಿ ಲೀಟರಿನ ಸಾಮರ್ಥ್ಯದೊಡನೆ ಆರಂಭವಾದ ಶುದ್ಧೀಕರಣ ಘಟಕದಲ್ಲಿ ಮೊದಲು ಕೊಳಚೆ ನೀರನ್ನು ಸಂಸ್ಕರಿಸುತ್ತಾರೆ. ಬಳಿಕ ಆ ನೀರು ಜೊಂಡು ಮೊದಲಾದ ಜಲಸಸ್ಯಗಳು ಬೆಳೆದ ಜೌಗು ಪ್ರದೇಶದ ಮೂಲಕ ಹಾಯುತ್ತದೆ. ಸಸ್ಯಗಳು ನೀರಿನಲ್ಲಿ ಉಳಿದ ಸಾರಜನಕ, ರಂಜಕಗಳನ್ನು ಹೀರಿಕೊಳ್ಳುತ್ತವೆ. ಹೀಗೆ ಎರಡು ಬಾರಿ ಸೋಸಿದ ನೀರು ಕೆರೆಯನ್ನು ಸೇರಿ, ಬೇಸಗೆಯಲ್ಲಿಯೂ ಅದನ್ನು ತುಂಬಿರುವಂತೆ ಮಾಡುತ್ತದೆ. ಹೊಲಸೆಂದು ಹೊರಹಾಕಿದ ನೀರೇ ಶುದ್ಧಗೊಂಡು ಕೆರೆಯ ಆಹಾರವಾಗಿದೆ.

ಕೆರೆಯನ್ನು ಉಳಿಸಬೇಕಾದರೆ ಅದರ ಜಲಾನಯನ ಪ್ರದೇಶವನ್ನು ಉಳಿಸಬೇಕೆಂಬ ಅರಿವು ಆಡಳಿತದಲ್ಲಿಯೂ ಮೂಡಿದೆ. ತಿಪ್ಪಗೊಂಡನಹಳ್ಳಿಗೆ ನೀರು ಕೊಡುವ ಪ್ರದೇಶದ ರಕ್ಷಣೆಗಾಗಿ 2003ರಲ್ಲಿ ಸರ್ಕಾರದ ಆದೇಶ ಹೊರಟಿತು. 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯದಲ್ಲಿ ನಿಷೇಧಿಸಲಾಯಿತು. ಆದರೆ ಆದೇಶವು ಕಾಗದದಿಂದ ನೆಲಕ್ಕಿಳಿಯಬೇಕಾದರೆ ಊರಿನ ಜನರ ಕಣ್ಣು ಕೆರೆಯ ಮೇಲಿರಬೇಕು. ಹಿಂದಿನ ನೀರುಗಂಟಿಯು ಒಬ್ಬನೇ ಮಾಡುತ್ತಿದ್ದ ಕಾವಲನ್ನು ಇಂದು ಊರಿನವರೆಲ್ಲ ಹಂಚಿಕೊಂಡು ಮಾಡಬೇಕಾಗಿದೆ. ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ನಾಗರಿಕರು ಕೂಡಿ ಈ ಕೆಲಸಕ್ಕೆ ಮುಂದಾಗಿರುವುದು ಸಮಾಧಾನದ ಸಂಗತಿ.

ಶೆಟ್ಟಿಹಳ್ಳಿಯಾಗಲಿ ಬೇರಾವುದೇ ಊರಾಗಲಿ, ಅಲ್ಲಿ ಬೆಳೆಯುವ ಬಾಲಕ ಬಾಲಕಿಯರು ತಮ್ಮೂರಿನ ಕೆರೆಯನ್ನು ನೋಡುವಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಕೆರೆಗೆ ನೀರು ಎಲ್ಲಿಂದ ಬರುತ್ತದೆ? ಈ ಕೆರೆಯ ಕೋಡಿಯಿಂದ ಹೊರಟ ನೀರು ಎಲ್ಲಿಗೆ ಹೋಗುತ್ತದೆ? ಮೊದಲನೆಯ ಪ್ರಶ್ನೆಯ ಉತ್ತರವನ್ನು ಹುಡುಕುತ್ತ ಹೊರಟವರಿಗೆ ಮೇಲಿನ ಊರಿನ ಹೊಲ, ಹಳ್ಳ, ಕಾಲುವೆಗಳು ಎದುರಾಗುತ್ತವೆ. ಎರಡನೆಯದನ್ನು ಹುಡುಕಿದವರಿಗೆ ಕೆಳಗಿನ ಊರಿನ ಜನರು ಎದುರಾಗುತ್ತಾರೆ. ಮೇಲಿನವರಿಂದ ಪಡೆದದ್ದನ್ನು ಕೆಡಿಸದೆ ಬಳಸಿ, ಮಿಕ್ಕುದನ್ನು ಕೆಳಗಿನವರಿಗೆ ಕಳುಹಿಸುವುದೇ ಕೆರೆಯ ಧರ್ಮ. ಆ ಧರ್ಮವನ್ನು ನೀರು ತಾನಾಗಿ ಪಾಲಿಸುತ್ತದೆ. ಅದರ ದಾರಿಯನ್ನು ತೆರೆದಿಡುವ ಹೊಣೆ ಮನುಷ್ಯನದು.